ಹಣ್ಣಿಗೆ ಬಿಟ್ಟ ಕೋಣೆ

"ಬಾಗಿಲು ತೆಗೀತೀಯೋ, ಇಲ್ಲ ಚಿಲಕ ಕಿತ್ತು ಹಾಕಿಸ್ಲೋ?"

ಅತ್ತೆ ಅಂಗೈಯಿಂದ ಬಾಗಿಲಿಗೆ ಬಡಿದಳು.

"ನಿನ್ನನ್ನೇ ಕೇಳ್ತಿರೋದು! ಮಾವಿನಕಾಯಿ ಅಂಗಳದಲ್ಲಿ ರಾಶಿ ಬಿದ್ದಿದೆ. ಬಿಸಿಲು ಏರ್ತಾ ಇದೆ. ಇನ್ನೊಂದು ಗಳಿಗೆ ಬಿಟ್ರೆ ಬೆಂದು ಹೋಗುತ್ತೆ. ಕೋಣೆ ಖಾಲಿ ಮಾಡು."

"ಪಡಸಾಲೆಯಲ್ಲಿ ಹಾಕಿ ಅತ್ತೆ." ಸೊಸೆಯ ದನಿ ಬಾಗಿಲಿಗೆ ಒರಗಿ ಕೂತು ಮಾತಾಡಿದ ಹಾಗೆ ಕೆಳಗಿನಿಂದ ಬಂತು.

"ಪಡಸಾಲೆಯಲ್ಲಿ ಹಾಕಿದ್ರೆ ಗಾಳಿ ಆಡಿ ಸುಕ್ಕು ಬೀಳುತ್ತೆ. ಇಲಿ ಬೇರೆ. ನಿಂಗೆ ಗೊತ್ತಿಲ್ವಾ ಏನು? ಈ ಮನೆಗೆ ಬಂದು ಇದು ಮೂರನೇ ಬೇಸಿಗೆ."

"ನಂಗೆ ಬಾಗಿಲಿರೋ ಜಾಗ ಬೇಕು ಅತ್ತೆ. ಸ್ವಲ್ಪ ದಿನ. ಅಷ್ಟೇ ನಾನು ಕೇಳ್ತಿರೋದು."

"ಬಾಗಿಲಂತೆ ಬಾಗಿಲು! ನಂಗೂ ಎರಡು ಹೋದವು ಕಣೇ, ಹೊಟ್ಟೆಯಲ್ಲೇ. ಯಾವ ಬಾಗಿಲು ಹಾಕ್ಕೊಂಡು ಕೂತಿದ್ದೆ ನಾನು? ನಿಮ್ಮ ಮಾವನ್ನೇ ಕೇಳು. ಹೇಳ್ರೀ, ಬಾಯಲ್ಲೇನು ಕಡುಬು ತುರುಕಿದೀನಾ?"

ಮಾವ ಅಂಗಳದ ನೆರಳಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಕಾಯಿಗಳನ್ನು ತೊಟ್ಟು ಕೆಳಗಾಗಿ ಬೋರಲು ಇಡುತ್ತಿದ್ದ. ಸೊನೆ ನೆಲಕ್ಕೆ ಇಳಿದುಹೋಗಬೇಕು, ಸಿಪ್ಪೆಯ ಮೇಲೆ ಹರಿದರೆ ಕಪ್ಪು ಗೀರು ಉಳಿದುಬಿಡುತ್ತದೆ. ಅವನು ತಲೆ ಎತ್ತದೆ ಹೇಳಿದ:

"ಹಾಕ್ಕೊಳ್ಳೋಕೆ ಬಾಗಿಲೆಲ್ಲಿತ್ತು ನಿಂಗೆ? ಒಳಗೆ ಹಣ್ಣಿತ್ತಲ್ಲ."

"ನಿಮ್ಮನ್ನ ಕೇಳಿದ್ದೇ ನನ್ನ ತಪ್ಪು."

ಮಗ ಹೆಗಲ ಮೇಲೆ ಬುಟ್ಟಿ ಹೊತ್ತುಕೊಂಡು ಪಡಸಾಲೆಯ ನಡುವೆ ನಿಂತಿದ್ದ. ತಾಯಿಯ ಮುಖ ನೋಡಿದ, ಬಾಗಿಲು ನೋಡಿದ. ಬುಟ್ಟಿ ಇಳಿಸುವುದೋ ಬೇಡವೋ ಅನ್ನುವುದೂ ಅವನಿಗೆ ತೋಚಿದ ಹಾಗಿರಲಿಲ್ಲ.

"ಲೇ, ತೆಗಿಯೇ," ಅಂದ. "ಎಲ್ಲರ ಮುಂದೆ ಯಾಕೆ ಮರ್ಯಾದೆ ಕಳೀತೀಯ?"

"ಎಲ್ಲರೂ ಅಂದ್ರೆ ಯಾರು?" ಒಳಗಿನಿಂದ ಬಂತು. "ನೀವು ಮೂರು ಜನ ತಾನೆ?"

ಮನೆ ದೊಡ್ಡದಲ್ಲ. ಮುಂದೆ ಪಡಸಾಲೆ, ಹಿಂದೆ ಅಡುಗೆಮನೆ, ನಡುವೆ ಈ ಒಂದು ಕೋಣೆ. ಬೀದಿ ಬಾಗಿಲು ಹಗಲೆಲ್ಲ ತೆರೆದೇ ಇರುತ್ತದೆ, ಅಡುಗೆಮನೆಗೆ ಚೌಕಟ್ಟು ಮಾತ್ರ. ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಬಾಗಿಲು ಇಡೀ ಮನೆಯಲ್ಲಿ ಇದೊಂದಕ್ಕೇ. ಕಿಟಕಿ ಅಂತ ಕರೆಯುವುದು ಗೋಡೆಯ ಮೇಲ್ತುದಿಯ ಒಂದು ತೂತನ್ನು. ಗಾಳಿಯೂ ಕಮ್ಮಿ, ಬೆಳಕೂ ಕಮ್ಮಿ. ಮನುಷ್ಯರಿಗೆ ಒಗ್ಗುವ ಜಾಗವಲ್ಲ, ಮಾವಿನಕಾಯಿಗೆ ಹೇಳಿ ಮಾಡಿಸಿದ್ದು. ಅದಕ್ಕೇ ಬೇಸಿಗೆ ಬಂತೆಂದರೆ ಅಲ್ಲಿ ಮಲಗುವವರು ಯಾರೇ ಆಗಿರಲಿ, ಹಾಸಿಗೆ ಸುತ್ತಿಕೊಂಡು ಪಡಸಾಲೆಗೆ ಬರಬೇಕು. ಕೋಣೆ ಹಣ್ಣಿಗೆ. ಅತ್ತೆಯ ಅತ್ತೆಯ ಕಾಲದಿಂದ ನಡೆದು ಬಂದದ್ದು. ಆ ಮುದುಕಿ ಕಾಯಿಲೆ ಬಿದ್ದ ಬೇಸಿಗೆಯಲ್ಲೂ ಪಡಸಾಲೆಯಲ್ಲೇ ಮಲಗಿದ್ದಳು, ಅಲ್ಲೇ ಸತ್ತಳು. ಯಾರೂ ಅದನ್ನು ಅನ್ಯಾಯ ಅಂದುಕೊಳ್ಳಲಿಲ್ಲ. ಸಾಯುವವಳೇ ಅಂದುಕೊಳ್ಳಲಿಲ್ಲ. ತೋಟ ಚಿಕ್ಕದು, ವರ್ಷದ ಅನ್ನ ಅದರಿಂದ.

ಈ ವರ್ಷ ಬಿಸಿಲು ಬಲಿಯುವ ಹೊತ್ತಿಗೆ ಸೊಸೆಗೆ ಆರು ತಿಂಗಳು. ಒಂದು ಮಧ್ಯಾಹ್ನ ನೋವು ಬಂತು, ಆಸ್ಪತ್ರೆಗೆ ಸೇರಿಸಿದರು. ಗಂಡುಮಗು, ಉಳಿಯಲಿಲ್ಲ. ಅವಳು ನೋಡಿದಳು, ಅವಳ ಅಕ್ಕ ನೋಡಿದಳು, ಮಣ್ಣು ಮಾಡಿದ ಮಾವ ನೋಡಿದ. ಗಂಡ ನೋಡಲಿಲ್ಲ. ಆ ಹೊತ್ತಿಗೆ ಬಿರುಗಾಳಿ ಎದ್ದಿತ್ತು. ಕಾಯಿ ಕಚ್ಚಿದ ಕೊಂಬೆಗಳು ಸೀಳಿಹೋಗುತ್ತವೆಂದು ಅವನು ಆಸ್ಪತ್ರೆಯಿಂದ ತೋಟಕ್ಕೆ ಓಡಿದ್ದ, ಕೊಂಬೆಗಳಿಗೆ ಕವೆಗೋಲು ಕೊಟ್ಟು ನಿಲ್ಲಿಸುವುದಕ್ಕೆ. ಕೊಂಬೆಗಳು ಉಳಿದವು. ಅವನು ವಾಪಸು ಬಂದಾಗ ಹೆಂಡತಿ ಗೋಡೆಯ ಕಡೆ ತಿರುಗಿ ಮಲಗಿದ್ದಳು.

ಮನೆಗೆ ಬಂದ ಮೇಲೆ ಅವಳ ಎದೆಗೆ ಹಾಲು ಬಂತು. ಕುಡಿಯುವವರಿಲ್ಲ ಅಂತ ಹಾಲಿಗೆ ಗೊತ್ತಿರುತ್ತದೆಯೇ? ಕಟ್ಟಿಕೊಂಡು ಕಲ್ಲಾಗುತ್ತಿತ್ತು, ರವಿಕೆ ನೆನೆಯುತ್ತಿತ್ತು. ಹಿಂಡಿ ಲೋಟಕ್ಕೆ ತೆಗೆದು ಚೆಲ್ಲಬೇಕು. ಅದಕ್ಕೆ ಒಂದು ಬಾಗಿಲು ಬೇಕು. ಅದಾದ ಮೇಲೆ ಅಳುವುದಕ್ಕೂ ಬೇಕು. ಇದನ್ನು ಅತ್ತೆಗೆ ಬಿಡಿಸಿ ಹೇಳಲಾರದೆ ಅವಳು ಬಾಗಿಲು ಬಾಗಿಲು ಅನ್ನುತ್ತಿದ್ದಳು.

ಕೊನೆಗೆ ಚಿಲಕ ಸರಿಯಿತು.

ಸೊಸೆ ಹೊರಗೆ ಬಂದು ಹಾಸಿಗೆ ಸುರುಳಿಯನ್ನು ಗಂಡನ ಕಾಲ ಬಳಿ ಇಟ್ಟಳು. ಮತ್ತೆ ಒಳಗೆ ಹೋಗಿ ಪೆಟ್ಟಿಗೆ ತಂದಳು. ಲೋಟ ತಂದಳು. ಆಮೇಲೆ ಪೊರಕೆ ತೆಗೆದುಕೊಂಡು ತಾನೇ ಕೋಣೆ ಗುಡಿಸಿದಳು.

"ಅಯ್ಯೋ, ನೀನು ಗುಡಿಸು ಅಂದ್ನಾ ನಾನು?" ಅತ್ತೆಯ ದನಿ ಇಳಿಯಿತು. "ಮೈ ಇನ್ನೂ ಹಸಿ. ಸುಮ್ನೆ ಕೂತ್ಕೊ."

"ಎಲ್ಲಿ ಕೂತ್ಕೊಳ್ಳಲಿ?" ಅಂದಳು ಸೊಸೆ.

ಅತ್ತೆ ಒಣಹುಲ್ಲು ತರಲು ಹಿತ್ತಲಿಗೆ ಹೋದಳು.

ಹುಲ್ಲನ್ನು ಅಂಗೈ ದಪ್ಪ ಹಾಸಿದರು. ಅದರ ಮೇಲೆ ಕಾಯಿ, ಒಂದಕ್ಕೊಂದು ತಾಗದ ಹಾಗೆ. ಮತ್ತೆ ಹುಲ್ಲು, ಮತ್ತೆ ಕಾಯಿ. ಸೊಸೆ ಮಂಡಿಯೂರಿ ಒಂದೊಂದನ್ನೇ ಇಡುತ್ತಾ ಗೋಡೆಯಿಂದ ಬಾಗಿಲವರೆಗೆ ಹಿಂದೆ ಹಿಂದೆ ಸರಿದು ಬಂದಳು. ಮಾವ ಬುಟ್ಟಿ ತಂದು ತಂದು ಕೊಡುತ್ತಿದ್ದ. ಮೌನ ಅವನಿಗೆ ಯಾವತ್ತೂ ಆಗುವುದಿಲ್ಲ.

"ಈ ಮನೆಯಲ್ಲಿ ಹಣ್ಣಿಗಿರೋ ಮರ್ಯಾದೆ ನಂಗೆ ಯಾವತ್ತೂ ಸಿಕ್ಕಿಲ್ಲ ನೋಡಮ್ಮ," ಅಂದ. "ನಾನು ಮದುವೆ ಆಗಿದ್ದು ಇಂಥದೇ ಬೇಸಿಗೇಲಿ. ಹೊಸ ಹೆಂಡ್ತಿ, ಹೊಸ ಗಂಡ. ನಾವಿಬ್ರೂ ಪಡಸಾಲೆಯಲ್ಲಿ, ಪಕ್ಕದಲ್ಲಿ ನಮ್ಮಮ್ಮನ ಗೊರಕೆ. ಒಳಗೆ ಹುಲ್ಲಿನ ಮೆತ್ತೆ ಮೇಲೆ ಕಾಯಿಗಳು ಬೆಚ್ಚಗೆ ಮಲಗಿದ್ವು. ಹಣ್ಣಾಗೋದು ಅವು, ಒಣಗೋದು ನಾವು."

"ಥೂ, ವಯಸ್ಸಿಗೆ ತಕ್ಕ ಹಾಗೆ ಮಾತಾಡ್ರೀ," ಅಂದಳು ಅತ್ತೆ. ಆದರೆ ನಕ್ಕಳು. ಮಗನೂ ನಕ್ಕ. ಸೊಸೆಯ ತುಟಿಯೂ ಸ್ವಲ್ಪ ಅಲುಗಿತು. ಅದನ್ನು ನೋಡಿ ಮೂವರಿಗೂ ಜಗಳ ಮುಗಿಯಿತು ಅನ್ನಿಸಿತು. ಆ ಮನೆಯಲ್ಲಿ ಜಗಳ ಹಾಗೇ ಮುಗಿಯುತ್ತಿತ್ತು. ಯಾರೋ ಒಬ್ಬರು ನಗುವುದು, ಉಳಿದವರು ಕೆಲಸಕ್ಕೆ ಏಳುವುದು.

ಬಾಗಿಲು ಎಳೆದು ಹೊರಗಿನಿಂದ ಅಗಳಿ ಹಾಕಿದರು.

ಅಂದಿನಿಂದ ಸೊಸೆ ತೋಟಕ್ಕೆ ಬರತೊಡಗಿದಳು. ಬೆಳಕು ಹರಿಯುವ ಮೊದಲೇ ಎದ್ದು, ಯಾರೂ ಏಳುವ ಮುಂಚೆ ಲೋಟ ಹಿಡಿದು ಬಾವಿಕಟ್ಟೆಯ ಹಿಂದೆ ಹೋಗಿ ಬರುವಳು. ಯಾಕೆ ಅಂತ ಮಾವನಿಗೆ ಗೊತ್ತಿತ್ತು. ಆ ಹೊತ್ತಿಗೆ ಅವನು ಎಚ್ಚರವಾಗಿದ್ದರೂ ಹೊದಿಕೆ ತಲೆ ಮೇಲೆ ಎಳೆದುಕೊಳ್ಳುವನು. ಆಮೇಲೆ ಅವಳು ದಿನವೆಲ್ಲ ದುಡಿಯುವಳು. ಪಾತಿಗಳಿಗೆ ನೀರು ಬಿಟ್ಟಳು. ಬುಡಕ್ಕೆ ತರಗೆಲೆ ಮುಚ್ಚಿದಳು. ಬಿದ್ದು ಹುಳ ಹಿಡಿದ ಕಾಯಿಗಳನ್ನು ಆರಿಸಿ ಗುಂಡಿಗೆ ಹಾಕಿ ಮಣ್ಣೆಳೆದಳು. ಇಸ್ತ್ರಿ ಅಂಗಡಿಯವರ ಮನೆಯಲ್ಲಿ ಹುಟ್ಟಿ, ಇದ್ದಿಲು ಮತ್ತು ಒಗೆದ ಬಟ್ಟೆಯ ವಾಸನೆಯಲ್ಲಿ ಬೆಳೆದವಳು. ಮದುವೆಗೆ ಮೊದಲು ಮರದ ಮೇಲಿರುವ ಮಾವಿನಕಾಯಿಯನ್ನು ಹತ್ತಿರದಿಂದ ನೋಡಿದವಳೇ ಅಲ್ಲ. ಈಗ ಉದ್ದನೆ ದೋಟಿ ಹಿಡಿದು ಅದರ ತುದಿಯ ಕೊಕ್ಕೆಯನ್ನು ಸರಿಯಾಗಿ ತೊಟ್ಟಿನ ಮೇಲ್ಗಡೆ ಸಿಕ್ಕಿಸಿ ಎಳೆಯುವಳು.

"ನೋಡಿದ್ರಾ?" ಅತ್ತೆ ಗಂಡನಿಗೆ ಹೇಳಿದಳು. "ಕೋಣೆಯಲ್ಲೇ ಬಿಟ್ಟಿದ್ರೆ ಇನ್ನೂ ಮೂಲೆಯಲ್ಲೇ ಇರ್ತಿದ್ಲು. ನಾನು ಬೈದಿದ್ದು ಒಳ್ಳೇದೇ ಆಯ್ತು."

"ಅವಳು ಮಾತೇ ಆಡ್ತಿಲ್ಲ," ಅಂದ ಮಾವ.

"ಮಾತಾಡಿ ಏನಾಗ್ಬೇಕು? ನೀವು ಆಡೋದೇ ಸಾಕು ಮನೆಗೆ."

ಅತ್ತೆ ಕೆಟ್ಟವಳಲ್ಲ. ಸೊನೆ ತಾಗಿ ಸೊಸೆಯ ಮೊಣಕೈ ಸುಟ್ಟು ಬೊಕ್ಕೆ ಎದ್ದಾಗ ತಾನೇ ಕೊಬ್ಬರಿ ಎಣ್ಣೆ ಸವರಿದಳು. ಊಟದಲ್ಲಿ ಅವಳಿಗೆ ಒಂದು ಸೌಟು ಹೆಚ್ಚಿಗೆ ಬಡಿಸಿದಳು. ಸೊಸೆ ಈ ಮನೆಯಲ್ಲಿ ನೆಲೆ ನಿಲ್ಲಬೇಕು, ಮತ್ತೆ ಬಸುರಿಯಾಗಬೇಕು, ತೋಟ ನೋಡಿಕೊಳ್ಳಬೇಕು. ಅವಳ ಆಸೆ ಅಷ್ಟೇ. ಆದರೆ ಅವಳಿಗೆ ಹುಟ್ಟಿದಾಗಿನಿಂದ ಗೊತ್ತಿದ್ದದ್ದು ಒಂದೇ ಭಾಷೆ, ಮರದ್ದು.

ತೋಟದ ಕೊನೆಯಲ್ಲಿ ಹೊಸ ಕಸಿ ಗಿಡಗಳ ಸಾಲೊಂದಿತ್ತು. ಇನ್ನೂ ಸೊಂಟದೆತ್ತರ. ಅಂಥ ಎಳೆ ಗಿಡ ಹೂ ಬಿಟ್ಟರೆ ಹೂವಿನಲ್ಲೇ ಮುರಿಯಬೇಕು. ಈ ವರ್ಷ ಅವು ತಡವಾಗಿ ಹೂ ಬಿಟ್ಟು, ಬೇರೆ ಕೆಲಸಗಳ ನಡುವೆ ಅದು ತಪ್ಪಿಹೋಗಿ ನಿಂಬೆ ಗಾತ್ರದ ಕಾಯಿಗಳು ನಿಂತುಬಿಟ್ಟಿದ್ದವು. ಅತ್ತೆ ಸೊಸೆಯನ್ನು ಕರೆದುಕೊಂಡು ಹೋದಳು.

"ಇವನ್ನೆಲ್ಲ ಕಿತ್ತು ಹಾಕಬೇಕು."

"ಎಲ್ಲಾನೂ?"

"ಒಂದೂ ಬಿಡಬಾರದು. ಎಳೆ ಗಿಡದ ಮೊದಲ ಕಾಯಿ ಉಳಿಸಿದ್ರೆ ಗಿಡ ಸೊರಗುತ್ತೆ. ಈಗ ಕಿತ್ರೆ ಬೇರು ಇಳಿಯುತ್ತೆ, ಕಾಂಡ ಬಲಿಯುತ್ತೆ. ಆಮೇಲೆ ಬಿಡೋದು ನೋಡು ಕಾಯಿ."

ಸೊಸೆ ಮೊದಲ ಗಿಡದ ಮುಂದೆ ಕೂತಳು. ಕೈ ಚಾಚಿ ಒಂದು ಕಾಯಿಯನ್ನು ಹಿಡಿದು ಸ್ವಲ್ಪ ಹೊತ್ತು ಹಾಗೇ ಇದ್ದಳು. ಆಮೇಲೆ ತಿರುಚಿದಳು. ಸಾಲು ಪೂರ್ತಿ ಮುಗಿಸಿಯೇ ಎದ್ದಳು. ಕಿತ್ತ ಕಾಯಿಗಳನ್ನು ಗುಂಡಿಗೆ ಎಸೆಯಲಿಲ್ಲ, ಬುಟ್ಟಿಯಲ್ಲಿ ತಂದು ಗುಂಡಿಯೊಳಗೆ ಕೈಯಿಂದ ಇಟ್ಟಳು. ಅತ್ತೆ ಅದನ್ನು ನೋಡಿ, ಹೊಸಬಳು, ಎಸೆಯುವುದೂ ಬರುವುದಿಲ್ಲ ಅಂದುಕೊಂಡಳು.

ಎರಡನೇ ಕೊಯ್ಲಿನ ದಿನ ವ್ಯಾಪಾರಿ ಬಂದ. ಅವನನ್ನು ಎಲ್ಲರೂ ಕರೆಯುವುದು ಮೂಗಣ್ಣ ಅಂತ. ತೂಕ ನೋಡುವ ಮೊದಲು ಪ್ರತಿ ಬುಟ್ಟಿಯನ್ನೂ ಮೂಸಿ ನೋಡುತ್ತಾನೆ, ಅದಕ್ಕೆ. ತನ್ನ ಸಣ್ಣ ಲಾರಿಯನ್ನು ತೋಟದ ಗೇಟಿನ ಹೊರಗೆ ನಿಲ್ಲಿಸಿ ಒಳಗೆ ಬಂದ.

ದೊಡ್ಡ ಮರದಲ್ಲಿ ಕೊಯ್ಲು ನಡೆದಿತ್ತು. ಆ ಮರದ ಎತ್ತರಕ್ಕೆ ದೋಟಿ ಮುಟ್ಟುವುದಿಲ್ಲ. ಮಗ ಮೇಲೆ ಹತ್ತಿ ಕೂತು, ಕೈಯಿಂದ ಕಿತ್ತು ಬುಟ್ಟಿ ತುಂಬಿ, ಕೊಂಬೆಯ ಮೇಲಿಂದ ಹಾಯಿಸಿದ ಹಗ್ಗದಲ್ಲಿ ಕೆಳಗೆ ಬಿಡುತ್ತಿದ್ದ. ಸೊಸೆ ಕೆಳಗೆ ನಿಂತು ಬುಟ್ಟಿ ನೆಲಕ್ಕೆ ಬಡಿಯದ ಹಾಗೆ ತಬ್ಬಿ ಹಿಡಿದು, ಕಾಯಿ ತೆಗೆದು, ಖಾಲಿ ಬುಟ್ಟಿಯ ಹಗ್ಗವನ್ನು ಜಗ್ಗುವಳು. ಒಂದು ಜಗ್ಗು ಅಂದರೆ ಎಳೆದುಕೋ ಅಂತ. ಮಾತಿಲ್ಲದೆ ನಡೆಯುವ ಕೆಲಸ.

"ಏನಮ್ಮಾ, ಹೋದ ಸಲ ಬಂದಾಗ ಸೊಸೆ ಬಸುರಿ ಅಂದಿದ್ರಿ," ಅಂದ ಮೂಗಣ್ಣ, ಕಾಯಿಯೊಂದನ್ನು ಮೂಗಿಗೆ ಹಿಡಿದುಕೊಂಡೇ. "ಸಿಹಿ ಯಾವಾಗ ಕೊಡ್ತೀರಿ?"

ಮಾವ ಕೆಮ್ಮಿದ. ಅತ್ತೆ ಸೆರಗಿನಿಂದ ಕತ್ತು ಒರೆಸಿಕೊಂಡಳು.

"ಅದು ನಿಲ್ಲಲಿಲ್ಲಪ್ಪಾ," ಅಂದಳು. ಸೊಸೆಗೆ ಕೇಳಿಸಲಿ, ಧೈರ್ಯ ಬರಲಿ ಅಂತಲೇ ದನಿ ಎತ್ತಿದಳು. "ಒಳ್ಳೇದೇ ಆಯ್ತು ಅನ್ನು. ಎಳೆ ಗಿಡ. ಮೊದಲ ಕಾಯಿನ ನಾವೇ ಕಿತ್ತು ಹಾಕಲ್ವಾ? ಇನ್ನು ಬೇರು ಇಳಿಯುತ್ತೆ. ಬರೋ ವರ್ಷ ಬಾ, ಗಟ್ಟಿ ಕಾಯಿ ತೋರಿಸ್ತೀನಿ."

"ಅದೂ ಸರಿ ಅನ್ನಿ," ಅಂದ ಮೂಗಣ್ಣ.

"ಹೌದು ಹೌದು," ಅಂದ ಮಗ, ಮರದ ಮೇಲಿಂದ.

ಅತ್ತೆ ವ್ಯಾಪಾರಿಯನ್ನು ಉಳಿದ ಮರ ತೋರಿಸಲು ಕರೆದುಕೊಂಡು ಹೋದಳು. ಮಾವ ಸೊಸೆಯ ಕಡೆ ಒಮ್ಮೆ ನೋಡಿ ಅವರ ಹಿಂದೆ ಹೋದ. ಮರದ ಕೆಳಗೆ ಸೊಸೆ ಒಬ್ಬಳೇ. ಮೇಲೆ ಎಲೆಗಳ ನಡುವೆ ಗಂಡನ ಎರಡು ಪಾದ ಕಾಣುತ್ತಿದ್ದವು.

"ರೀ."

"ಹೂಂ."

"ಅತ್ತೆ ಹೇಳಿದ್ದು ಕೇಳಿಸ್ತಾ?"

"ಏನು?"

"ನೀವು ಹೌದು ಹೌದು ಅಂದ್ರಲ್ಲ, ಅದು."

ಎಲೆ ಸರಿದ ಸದ್ದು. "ಅಯ್ಯೋ, ಅಮ್ಮ ಒಳ್ಳೇ ಮಾತಲ್ಲೇ ಹೇಳಿದ್ದು ಕಣೇ. ನಿಂಗೆ ಸಮಾಧಾನ ಆಗ್ಲಿ ಅಂತ. ಮನಸ್ಸಿಗೆ ಹಚ್ಕೋಬೇಡ."

"ಅವನಿಗೆ ಉಗುರಿತ್ತು."

ಮೇಲಿನ ಪಾದಗಳು ಅಲುಗಾಡಲಿಲ್ಲ.

"ಏನಂದೆ?"

"ಉಗುರು. ಬೆರಳಿಗೆ ಉಗುರು ಬಂದಿತ್ತು. ಅಕ್ಕ ಬಟ್ಟೆ ಬಿಡಿಸಿ ತೋರಿಸಿದ್ಲು. ಕಿವಿ ನಿಮ್ಮ ಥರ, ಮೇಲ್ಗಡೆ ಸ್ವಲ್ಪ ಮಡಿಚಿಕೊಂಡಿತ್ತು." ಅವಳು ಕತ್ತೆತ್ತಿ ಮಾತಾಡುತ್ತಿದ್ದಳು, ಬಿಸಿಲು ನೇರ ಕಣ್ಣಿಗೆ ಬೀಳುತ್ತಿತ್ತು. "ಅವನು ಯಾರ ಥರ ಇದ್ದ ಅಂತ ನೀವು ಒಂದು ಸಲನಾದ್ರೂ ಕೇಳಿದ್ರಾ? ನಾನು ಕಾಯ್ತಾನೇ ಇದೀನಿ. ಆಸ್ಪತ್ರೆಯಲ್ಲಿ ಕೇಳ್ತೀರಿ ಅಂದ್ಕೊಂಡೆ. ಮನೇಲಿ ಕೇಳ್ತೀರಿ ಅಂದ್ಕೊಂಡೆ. ಕೋಣೆಯಲ್ಲಿ ಇದ್ದಿದ್ರೆ, ಬಾಗಿಲು ಹಾಕ್ಕೊಂಡು, ಯಾರೂ ಇಲ್ಲದಾಗ ಕೇಳ್ತಿದ್ರೋ ಏನೋ. ಕೋಣೆನೂ ಹೋಯ್ತು."

ಗಂಡನ ದನಿ ಎಂದಿನ ಹಾಗೇ ಬಂತು.

"ಕೊಯ್ಲು ಮುಗೀಲಿ. ಆಮೇಲೆ ಕೂತು ಮಾತಾಡೋಣ. ಬುಟ್ಟಿ ತುಂಬಿದೆ, ಇಳಿಸ್ತಿದೀನಿ, ಹಿಡ್ಕೋ."

"ಈಗ ಕೇಳಿ. ಇಳಿದು ಬಂದು ಕೇಳಿ."

"ಹೆಂಗೇ ಇಳೀಲಿ? ಕೈಯಲ್ಲಿ ಹಗ್ಗ ಇದೆ. ವ್ಯಾಪಾರಿ ಬೇರೆ ಬಂದು ನಿಂತಿದಾನೆ. ಸ್ವಲ್ಪ ತಿಳ್ಕೊಂಡು ಮಾತಾಡು."

ತುಂಬಿದ ಬುಟ್ಟಿ ಎಲೆಗಳ ನಡುವಿನಿಂದ ಹೊರಗೆ ಬಂದು, ಮೆಲ್ಲಗೆ ತಿರುಗುತ್ತಾ ಅವಳ ತಲೆಗಿಂತ ಎರಡಾಳು ಮೇಲೆ ನಿಂತಿತು. ಸೊಸೆ ಬುಟ್ಟಿಯ ಅಡಿ ನೋಡುತ್ತಾ ನಿಂತಳು. ಕೈ ಚಾಚಲಿಲ್ಲ. ಅವಳು ಕಾಯುತ್ತಿದ್ದಾಳೆ ಅಂತ ಯಾರಿಗಾದರೂ ತಿಳಿಯುತ್ತಿತ್ತು. ಬುಟ್ಟಿ ಒಂದು ಸುತ್ತು ತಿರುಗಿತು, ವಾಪಸು ತಿರುಗಿತು.

"ಏನ್ ನೋಡ್ತಾ ನಿಂತಿದೀಯ? ಹಿಡ್ಕೊಳ್ಳೇ!"

ಅವಳು ಕೈಗೆ ಅಂಟಿದ ಸೊನೆಯನ್ನು ಒಂದು ಹಿಡಿ ಒಣಮಣ್ಣಿನಲ್ಲಿ ಉಜ್ಜಿಕೊಂಡಳು. ಸೆರಗಿನ ಗಂಟು ಬಿಚ್ಚಿ ಕೊಡವಿ ಸರಿಯಾಗಿ ಹೊದ್ದುಕೊಂಡಳು. ಆಮೇಲೆ ಮರಗಳ ನಡುವೆ ನೀರು ಹಾಯುವ ಕಾಲುವೆಯ ಬದಿ ಹಿಡಿದು ನಡೆದಳು. ಓಡಲಿಲ್ಲ.

ಮೇಲಿನಿಂದ ಗಂಡನಿಗೆ ಎಲ್ಲ ಕಾಣಿಸುತ್ತಿತ್ತು. ಅವಳು ಗೇಟು ತಳ್ಳಿದ್ದು, ಲಾರಿಯನ್ನು ಬಳಸಿ ಹೋದದ್ದು, ರಸ್ತೆಗೆ ಇಳಿದದ್ದು.

"ಅಪ್ಪಾ!" ಅಂತ ಕೂಗಿದ. "ಅಪ್ಪಾ, ಬಾ ಇಲ್ಲಿ! ಬುಟ್ಟಿ ಹಿಡ್ಕೊಳ್ಳೋರಿಲ್ಲ!"

ಮಾವ ಏದುಸಿರು ಬಿಡುತ್ತಾ ಬಂದ. ಖಾಲಿ ನೆಲ ನೋಡಿದ, ತೆರೆದ ಗೇಟು ನೋಡಿದ.

"ಹಗ್ಗ ಬಿಡೋ!" ಅಂದ. ಅವನು ಮಗನ ಮೇಲೆ ಹಾಗೆ ಅರಚಿದ್ದನ್ನು ಆ ತೋಟ ಕೇಳಿರಲಿಲ್ಲ. "ಬಿಟ್ಟು ಇಳಿಯೋ! ಬಸ್ಸು ಸಿಗೋ ಮುಂಚೆ ಹೋಗೋ!"

"ಕಾಯಿ ಒಡೆಯುತ್ತೆ ಅಪ್ಪಾ."

"ಒಡೆದು ಹಾಳಾಗಿ ಹೋಗ್ಲಿ! ಬಿಡೋ ಅಂದ್ರೆ!"

ಮಗ ಬಿಡಲಿಲ್ಲ. ಬಿಡಬಾರದು ಅಂತ ಅವನು ಯೋಚಿಸಿ ತೀರ್ಮಾನ ಮಾಡಿದ್ದೂ ಅಲ್ಲ. ತುಂಬಿದ ಬುಟ್ಟಿಯ ಹಗ್ಗವನ್ನು ಕೈಬಿಡುವುದನ್ನು ಆ ಕೈಗಳು ಕಲಿತೇ ಇರಲಿಲ್ಲ. ಒಂದು ಗೇಣು, ಇನ್ನೊಂದು ಗೇಣು, ಹಗ್ಗವನ್ನು ಸಡಿಲಿಸುತ್ತಾ ಬಂದ. ಮಾವ ಕೈಚಾಚಿ ನಿಂತಿದ್ದ, ಬೈಯುತ್ತಲೇ ನಿಂತಿದ್ದ, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಬುಟ್ಟಿ ಅವನ ತೋಳಿಗೆ ಬಂತು. ನೆಲಕ್ಕೆ ಇಟ್ಟ. ಒಂದು ಕಾಯಿಗೂ ಪೆಟ್ಟಾಗಿರಲಿಲ್ಲ.

ಮಗ ಮರದಿಂದ ಇಳಿದು ಗೇಟಿನವರೆಗೆ ಓಡಿದ. ರಸ್ತೆಯ ಮೇಲೆ ಬಸ್ಸು ಎಬ್ಬಿಸಿದ ಧೂಳು ಇನ್ನೂ ಕೂತಿರಲಿಲ್ಲ.

ಅತ್ತೆ ಹಿಂದಿನಿಂದ ಬಂದಳು. "ಎಲ್ಲೋ ಅವಳು? ಅಕ್ಕನ ಮನೆಗಾ? ಹೇಳದೆ ಕೇಳದೆ? ಕೊಯ್ಲಿನ ದಿನ?" ಮಗ ರಸ್ತೆಯನ್ನೇ ನೋಡುತ್ತಿದ್ದ. "ನಾನೇನು ಅನ್ನಬಾರದ್ದು ಅಂದೆ? ಒಳ್ಳೇ ಮಾತೇ ತಾನೆ ಹೇಳಿದ್ದು? ಏನ್ರೀ, ನೀವೇ ಹೇಳಿ."

ಮಾವ ಅಂಗೈಯಿಂದ ಕಣ್ಣೊರೆಸಿಕೊಂಡ.

"ಹೋಗ್ಲಿ ಬಿಡು. ಸಿಟ್ಟು ಇಳಿದ ಮೇಲೆ ಬರ್ತಾಳೆ. ಇವತ್ತು ಸಂಜೆಗಿಲ್ಲದಿದ್ರೆ ನಾಳೆ ಬೆಳಿಗ್ಗೆ."

ಸಂಜೆ ಬರಲಿಲ್ಲ. ಬೆಳಿಗ್ಗೆಯೂ ಬರಲಿಲ್ಲ. ಕೊಯ್ಲು ಮುಗಿದ ಮೇಲೆ ಮಗ ಅವಳ ಅಕ್ಕ ನಡೆಸುವ ಇಸ್ತ್ರಿ ಅಂಗಡಿಗೆ ಹೋದ. ಅಂಗಡಿಯ ಹಿಂದಿನ ಕೋಣೆಯ ಬಾಗಿಲು ಮುಚ್ಚಿತ್ತು. ಅಕ್ಕ ಇಸ್ತ್ರಿಪೆಟ್ಟಿಗೆ ಕೆಳಗಿಡದೆ, "ಒಳಗಿದಾಳೆ, ತೆಗಿಯಲ್ಲ ಅಂತಾಳೆ," ಅಂದಳು. ಅವನು ಬೀದಿಯಲ್ಲಿ ಸ್ವಲ್ಪ ಹೊತ್ತು ನಿಂತು ವಾಪಸು ಬಂದ. ಅವಳು ಮತ್ತೆ ಆ ಮನೆಗೆ ಬರಲೇ ಇಲ್ಲ.